ಕೊನೆಯ ಸರದಿಯ ಅಕ್ಕಿ

ನಮ್ಮೂರು ಬಾಮ್‌ಗೋಲಿನಲ್ಲಿ ಹೆಂಗಸರಿಗೆ ಹೆಸರಿಲ್ಲ. ಮದುವೆಯಾಗಿ ಬಂದವಳನ್ನು ಅವಳ ತವರೂರು ಹಿಡಿದು ಕರೆಯುವುದು ವಾಡಿಕೆ. ನೋರುಮೋಕಿನಿಂದ ಬಂದವಳು ನೋರುಮೋಕಿನವಳು, ಡೋಲ್ಮೆಯಿಂದ ಬಂದವಳು ಡೋಲ್ಮೆಯವಳು. ಗಂಡ, ಅತ್ತೆ, ಅಂಗಡಿಯವನು, ಜಗಳಕ್ಕೆ ನಿಂತ ವಾರಗಿತ್ತಿ, ಎಲ್ಲರ ಬಾಯಲ್ಲೂ ಅದೇ. ನಮ್ಮ ದೊಡ್ಡಪ್ಪನ ಮಗ ಚಿಲ್‌ಸಂಗನ ಹೆಂಡತಿ ನೋರುಮೋಕಿನವಳು ನಮ್ಮ ಗೋಡೆಯಾಚೆಗೇ ಬಾಳಿದವಳು. ಅವಳ ಹೆಸರು ಬ್ಯನ್ ಜಮ್‌ಸೂನ್ ಎಂದು ನಾನು ಮೊದಲು ಕೇಳಿದ್ದು ಸೊಸೈಟಿಯ ಗುಮಾಸ್ತನಿಂದ. ಅದೂ, ಈ ಹೆಸರಿನಲ್ಲಿ ಏನೂ ಇಲ್ಲ ಎಂದು ಅವನು ಹೇಳುವಾಗ.

ಆಳು ಕುಳ್ಳಿ. ನಡೆದರೆ ನೆಲ ತಗ್ಗಬೇಕು, ಹಾಗೆ ಕಾಲೂರುತ್ತಿದ್ದಳು. ಬಾಯಿ ಮೆಣಸಿನಕಾಯಿ. ಆದರೆ ಆ ಬಾಯಿಂದ ಒಮ್ಮೆ ಬಂದ ಮಾತು ಗೂಟ ಬಡಿದ ಹಾಗೆ. ಎಳೆದರೂ ಬಾರದು, ಅಲ್ಲಾಡಿಸಿದರೂ ಸಡಿಲವಾಗದು. ಅದಕ್ಕೇ ಊರಿನ ಹೆಂಗಸರು ಅಕ್ಕಿ ಚೀಟಿಗೆ ಅವಳನ್ನೇ ಯಜಮಾನಿ ಮಾಡಿಕೊಂಡಿದ್ದರು.

ಚೀಟಿ ಎಂದರೆ ಹತ್ತು ಮನೆ, ಹತ್ತು ಸುಗ್ಗಿ. ಕೊಯ್ಲು ಮುಗಿದ ಮೇಲೆ ಪ್ರತಿ ಮನೆಯವರೂ ತಮ್ಮ ಪಾಲಿನ ಅಕ್ಕಿ ತಂದು ಸುರಿಯಬೇಕು. ಅಷ್ಟೂ ಅಕ್ಕಿ ಆ ವರ್ಷದ ಸರದಿಯವಳಿಗೆ. ಮೊದಲು ಎತ್ತಿದವಳು ಹೆಚ್ಚು ಸುರಿಯಬೇಕು, ಕಾಯುವವಳು ಕಡಿಮೆ. ಕೊನೆಯ ಸರದಿಯವಳು ಎಲ್ಲರಿಗಿಂತ ಕಡಿಮೆ ಸುರಿದು ಎಲ್ಲರಷ್ಟೇ ಎತ್ತುತ್ತಾಳೆ. ಕೇಳಲು ಚೆನ್ನ. ಆದರೆ ಅಷ್ಟು ವರ್ಷ ಒಂಬತ್ತು ಮನೆಯವರ ನಿಯತ್ತು ಕೆಡದೆ ಉಳಿಯಬೇಕಲ್ಲ, ಆ ಭಯವೆಲ್ಲ ಅವಳೊಬ್ಬಳದು. ಬಡವಿಗೆ ಬೇರೆ ದಾರಿಯಿಲ್ಲ, ಕೊನೆಯ ಸರದಿಗೇ ನಿಲ್ಲುತ್ತಾಳೆ. ಯಜಮಾನಿಗೆ ಮೊದಲ ಸರದಿ. ಅದಕ್ಕೆ ಬದಲು, ಯಾವ ಮನೆ ಕೈಕೊಟ್ಟರೂ ಆ ಪಾಲನ್ನು ಅವಳೇ ತುಂಬಿಕೊಡಬೇಕು. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಬಾಯಿ ಮಾತು.

ನೋರುಮೋಕಿನವಳು ತನ್ನ ಮೊದಲ ಸರದಿಯ ಅಕ್ಕಿ ಮಾರಿ, ಹಳ್ಳದ ದಂಡೆಯ ಗದ್ದೆ ಕೊಂಡಳು. ಕಾಗದ ಚಿಲ್‌ಸಂಗನ ಹೆಸರಿಗಾಯಿತು. ಹೆಂಗಸಿನ ಹೆಸರಿಗೆ ಗದ್ದೆ ಬರೆಯುವುದುಂಟೆ ಎಂದು ಯಾರಿಗೂ, ಅವಳಿಗೂ, ಹೊಳೆಯಲೇ ಇಲ್ಲ.

ಕೊನೆಯ ಸರದಿ ಡೋಲ್ಮೆಯವಳದು. ಗಂಡ ಸತ್ತು, ಮಗಳೊಬ್ಬಳನ್ನು ಕಟ್ಟಿಕೊಂಡು, ಸೋಯಾ ಹಾಲು ಒಡೆಸಿ ತೋಫು ಮಾಡಿ ತಲೆಯ ಮೇಲೆ ಹೊತ್ತು ಮಾರುತ್ತಿದ್ದ ಹೆಂಗಸು. ಅವಳ ಗುಡಿಸಲು ಅವಳದೇ, ಅಡಿಯ ನೆಲ ಮಾತ್ರ ಊರ ದೊಡ್ಡ ಮನೆತನವಾದ ತಾಕ್ ವಂಶದವರದು. ಪ್ರತಿ ವರ್ಷ ನೆಲಬಾಡಿಗೆ ಕೊಟ್ಟು, ಹಬ್ಬಕ್ಕೆ ಅವರ ಪಿತೃಪೂಜೆಗೆ ಪುಕ್ಕಟೆ ತೋಫು ಕೊಟ್ಟು, ತಲೆ ಬಾಗಿಸಿ ಇರಬೇಕು. ಸರದಿಯ ಅಕ್ಕಿ ಬಂದ ವರ್ಷ ಆ ನೆಲ ಕೊಳ್ಳುವುದು ಅವಳ ಹಟ. ಒಂಬತ್ತು ಸುಗ್ಗಿ ಬಾಯಿ ಕಟ್ಟಿ ಅಕ್ಕಿ ಸುರಿದಳು. ಮನೆಯಲ್ಲಿ ಉಂಡದ್ದು ಜೋಳ, ಬಾರ್ಲಿ, ತೋಫು ಹಿಂಡಿದ ಗಸಿ.

ಇನ್ನು ಗಂಡಸರ ಕಡೆಯ ಕಥೆ ಬೇರೆ. ಅವರಿಗೆ ಪೇಟೆಯ ಸೊಸೈಟಿ ಇತ್ತು. ಗೊಬ್ಬರ, ಬೀಜ, ಸಾಲ, ಸುಗ್ಗಿಯಲ್ಲಿ ಸರ್ಕಾರದ ಅಕ್ಕಿ ಖರೀದಿ, ಎಲ್ಲವೂ ಅಲ್ಲಿಯೇ. ಪ್ರತಿಯೊಂದಕ್ಕೂ ಮನೆ ಯಜಮಾನನ ಮೊಹರು ಬೇಕು. ಬೆರಳುದ್ದದ ಮರದ ತುಂಡು, ತುದಿಯಲ್ಲಿ ಚೀನೀ ಅಕ್ಷರದಲ್ಲಿ ಹೆಸರು. ಗೊಬ್ಬರ ಬಂದಾಗಲೆಲ್ಲ ನಾಟಿ ಬಿಟ್ಟು ಪೇಟೆಗೆ ಓಡುವವರು ಯಾರು? ಎಲ್ಲರ ಮೊಹರುಗಳೂ ಊರ ಮುಖ್ಯಸ್ಥ ತಾಕ್ ಸೊಕ್‌ಕ್ಯುವಿನ ಮನೆಯಲ್ಲಿ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬಿದ್ದಿರುತ್ತಿದ್ದವು. ಅವನಪ್ಪನ ಕಾಲದಿಂದ ಹಾಗೆಯೇ. ಅವನೇ ಒತ್ತುತ್ತಿದ್ದ, ಅವನೇ ತರುತ್ತಿದ್ದ, ನಾವು ಹೋಗಿ ಮೂಟೆ ಹೊತ್ತುಕೊಂಡು ಬರುತ್ತಿದ್ದೆವು.

ಆಮೇಲೆ ಸರ್ಕಾರಕ್ಕೆ ದನದ ಹುಚ್ಚು ಹಿಡಿಯಿತು. ಹಡಗಿನಲ್ಲಿ ಪರದೇಶದ ಕರು ತರಿಸಿ, ಸಾಲದ ಮೇಲೆ ಹಂಚಿತು. ಸಾಕಿ, ದಪ್ಪ ಮಾಡಿ, ಮಾರಿ, ಶ್ರೀಮಂತರಾಗಿ! ಸೊಸೈಟಿಯ ಬಡ್ಡಿ ಕಡಿಮೆ, ಕರು ಕಣ್ಣೆದುರು. ಉದ್ದರಿ ಎಂದರೆ ಗಂಡಸು ಉಳುವ ಎತ್ತನ್ನೂ ಕೊಯ್ದು ತಿಂದಾನು ಎಂಬುದು ನಮ್ಮ ಹಿರಿಯರ ಮಾತು. ಭೂಮಿಯಿದ್ದವರೆಲ್ಲ ಗಾಳಿ ಬಂದಾಗ ತೂರಿಕೊಳ್ಳಲು ಹೊರಟರು. ಒಬ್ಬನಿಗೆ ಇನ್ನೊಬ್ಬ ಜಾಮೀನು, ಅವನಿಗೆ ಇವನು ಜಾಮೀನು. ನನಗೆ ಭೂಮಿಯಿಲ್ಲ, ಬಡಗಿ ಕೆಲಸದವನು. ನನ್ನ ಮೊಹರನ್ನು ಯಾರೂ ಕೇಳಲಿಲ್ಲ. ತಾಕ್ ಮುಖ್ಯಸ್ಥ ಒಂದೆರಡು ಕರುವಿಗೆ ತೃಪ್ತನಾಗಲಿಲ್ಲ, ಕೊಟ್ಟಿಗೆಯನ್ನೇ ಎಬ್ಬಿಸಿದ.

ಹಿತ್ತಲಲ್ಲಿ ಕೋಸಿಗೆ ಉಪ್ಪು ಹಾಕುವಾಗ ನೋರುಮೋಕಿನವಳು ಗಂಡನಿಗೆ ಹೇಳಿದ್ದು ನಮ್ಮ ಅಂಗಳಕ್ಕೇ ಕೇಳುತ್ತಿತ್ತು.

"ನೋಡಿ, ಆ ಮೊಹರು ಇಸ್ಕೊಂಡು ಬನ್ನಿ. ಗೊಬ್ಬರಕ್ಕೆ ಬೇಕಾದಾಗ ನಾವೇ ಹೋಗಿ ಒತ್ತಿ ಬರಾನ."

"ಹೆಂಗೇ ಕೇಳ್ಲಿ? ಇಡೀ ಊರಿನ್ದೇ ಅಲ್ಲಿ ಅದೆ. ನಾನೊಬ್ನು ಹೋಗಿ ನಂದು ಕೊಡು ಅಂದ್ರೆ, ನೀನು ಕಳ್ಳ ಅಂದಂಗಾಯ್ತದೆ."

"ಆಗ್ಲಿ. ಕಳ್ಳ ಅಲ್ದಿದ್ರೆ ನಾಕು ದಿನ ಮಕ ಊದಿಸ್ಕೊತಾನೆ. ಕಳ್ಳನಾದ್ರೆ ನಾವು ಉಳ್ಕೊತೀವಿ."

"ಅವ್ರಪ್ಪ ನಮ್ಮಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವ್ನು ಕಣೆ."

"ಹೊತ್ತಿದ್ದು ಹೆಣ ತಾನೆ? ನಿಮ್ ಮೊಹರಲ್ವಲ್ಲ."

ಚಿಲ್‌ಸಂಗ ಮಾತಾಡುವ ಆಳೇ ಅಲ್ಲ. ಎತ್ತು ಈದಿದೆ ಎಂದರೆ, ಕರು ಎಲ್ಲಿ ಕಟ್ಟಲಿ ಎನ್ನುವ ಜಾತಿ. ಜಾಮೀನು ನಿಲ್ಲುವ ಮಗನನ್ನು ಹೆರುವುದಕ್ಕಿಂತ ಬಂಜೆಯಾಗುವುದು ಮೇಲು ಎಂದು ಅವನ ತಾಯಿಯೇ ಹೇಳುತ್ತಿದ್ದಳು. ಹೇಳಿಯೂ ಅಂಥವನನ್ನೇ ಹೆತ್ತಿದ್ದಳು.

ಕೊನೆಗೆ ನೋರುಮೋಕಿನವಳೇ ಹೋದಳು. ಮುಖ್ಯಸ್ಥನ ಜಗಲಿಯ ಮೇಲೆ ನಾಲ್ಕಾರು ಗಂಡಸರು ಅಕ್ಕಿ ಹೆಂಡ ಕುಡಿಯುತ್ತ ಕೂತಿದ್ದರು. ಅವನ ಬಾಗಿಲ ಪಟ್ಟಿ ಕೆತ್ತುತ್ತ ನಾನೂ ಅಲ್ಲೇ ಇದ್ದೆ.

"ಏನತ್ತಿಗೆ, ನಿಮ್ಮೆಜಮಾನ್ರ ಕಾಲು ನೋಯ್ತವಾ, ನೀವು ಬಂದ್ರಿ?" ಎಂದ ತಾಕ್.

"ಅವ್ರ ಕಾಲು ಸರಿಯಾಗೇ ಅವೆ. ಮೊಹರು ತಗೊಂಡು ಹೋಗಾನ ಅಂತ ಬಂದೆ."

ತಾಕ್ ನಗುನಗುತ್ತ ಒಳಗೆ ಹೋಗಿ ಡಬ್ಬಿ ತಂದು, ಮುಚ್ಚಳ ತೆಗೆದು ಅವಳ ಮುಂದಿಟ್ಟ. "ಅದಕ್ಕೇನಂತೆ? ನಿಮ್ದು ನಿಮ್ಗೆ. ಯಾವ್ದು ಅಂತ ಹುಡುಕ್ಕಳಿ."

ಡಬ್ಬಿಯ ತುಂಬ ಒಂದೇ ಬಣ್ಣದ, ಒಂದೇ ಉದ್ದದ ಮರದ ತುಂಡುಗಳು. ನೋರುಮೋಕಿನವಳಿಗೆ ಅಕ್ಷರ ಬರದು. ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು. ಜಗಲಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. "ಅತ್ಗೆ, ಮೂಸಿ ನೋಡಿ, ಗಂಡನ ವಾಸ್ನೆ ಗೊತ್ತಾಯ್ತದೆ" ಎಂದ ಇನ್ನೊಬ್ಬ. ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು.

ನಾನು ಉಳಿ ಕೆಳಗಿಟ್ಟು ಎದ್ದೆ. ಹೆಸರು ಓದಲು ನನಗೆ ಬರುತ್ತಿತ್ತು. ಅಷ್ಟರಲ್ಲಿ ಚಿಲ್‌ಸಂಗ ಏದುಸಿರು ಬಿಡುತ್ತ ಬಂದೇ ಬಿಟ್ಟ. ಯಾರೋ ಓಡಿ ಹೋಗಿ ಸುದ್ದಿ ಮುಟ್ಟಿಸಿದ್ದರು. ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿ, ಮುಖ್ಯಸ್ಥನ ಮುಂದೆ ಸೊಂಟ ಮುರಿಯುವ ಹಾಗೆ ಬಾಗಿದ. "ಹೆಂಗಸು, ತಿಳೀದು. ಮನಸ್ಸಿಗೆ ಹಚ್ಕೋಬ್ಯಾಡಿ" ಎಂದ. ಅದು ಸಾಲದೆಂದು ಆ ಸಂಜೆ ಹೆಂಡದ ಗಡಿಗೆಯೊಂದನ್ನು ತಾನೇ ಹೊತ್ತುಕೊಂಡು ಹೋದ. ಮುಖ್ಯಸ್ಥ ಅದನ್ನೇ ಕುಡಿಯುತ್ತ, ತನ್ನ ಕೊಟ್ಟಿಗೆಯ ಸಾಲಕ್ಕೆ ಜಾಮೀನು ಒತ್ತಲೇ ಎಂದು ಕೇಳಿದ. ಮನೆ ಬಾಗಿಲಿಗೆ ಬಂದು ಅವಮಾನ ಮಾಡಿದ ಹೆಂಗಸಿನ ಗಂಡ ಇನ್ನೇನು ಹೇಳಿಯಾನು? ಒತ್ತಿ ಎಂದ. ಒಂದು ಕಾಗದಕ್ಕೆ ಅವನು ಹೂಂ ಎಂದದ್ದು. ತಾಕ್ ಒತ್ತಿದ್ದು ಎರಡಕ್ಕೆ.

ಕೊಡು ಎಂದು ಕೇಳಲು ನಾಚಿದ ಮನೆ ಅವನದೊಂದೇ ಅಲ್ಲ. ಊರಿಗೆ ಊರೇ ಹಾಗೆ. ಡಬ್ಬಿಯಲ್ಲಿ ಕೈ ಹಾಕುವುದು ತಾಕ್ ಮನೆತನದ ಮೀಸೆಗೆ ಕೈ ಹಾಕಿದ ಹಾಗೆ ಎಂದುಕೊಂಡೇ ಎಲ್ಲರೂ ಮುಳುಗಿದರು.

ಎರಡೇ ವರ್ಷ. ದೇಶದ ತುಂಬ ದನ ಹೆಚ್ಚಾಗಿ ಬೆಲೆ ಬಿತ್ತು. ಹಸುವಿನ ಬೆಲೆ ನಾಯಿಯ ಬೆಲೆಗೆ ಬಂತು. ಸಂತೆಗೆ ಹೊಡೆದುಕೊಂಡು ಹೋದವರು ಹಿಂದಕ್ಕೆ ಹೊಡೆದುಕೊಂಡು ಬಂದರು. ಒಂದು ಬೆಳಗ್ಗೆ ನೋಡಿದರೆ ಮುಖ್ಯಸ್ಥನ ಬಾಗಿಲಿಗೆ ಹುಲ್ಲಿನ ಹಗ್ಗ ಬಿಗಿದಿತ್ತು, ಕೊಟ್ಟಿಗೆ ಖಾಲಿ. ದನ ಮಾರಿದ ದುಡ್ಡಿನೊಂದಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಟ್ಟಣ ಸೇರಿದ್ದ. ಬಿಸ್ಕತ್ತಿನ ಡಬ್ಬಿ ಜಗಲಿಯ ಮೇಲೇ ಇತ್ತು, ಎಲ್ಲ ಮೊಹರುಗಳೂ ಒಳಗೇ ಇದ್ದವು. ಕದಿಯುವವನಿಗೆ ಅವು ಇನ್ನು ಬೇಕಿರಲಿಲ್ಲ.

ಸೊಸೈಟಿಯವರು ಬಂದು ಜಾಮೀನುದಾರರ ಮನೆಮನೆಗೆ ಜಪ್ತಿಯ ಕೆಂಪು ಕಾಗದ ಅಂಟಿಸಿದರು. ಚಿಲ್‌ಸಂಗನ ಮನೆಯಲ್ಲಿ ಬಟ್ಟೆ ಬೀರುವಿಗೊಂದು, ಹೊಲಿಗೆ ಯಂತ್ರಕ್ಕೊಂದು. ಹಳ್ಳದ ದಂಡೆಯ ಗದ್ದೆ ಮುಟ್ಟುಗೋಲಾಯಿತು. ನೋರುಮೋಕಿನವಳು ಅಂಟಿಸುವವನ ಹಿಂದೆಯೇ ನಡೆದಳು. "ಅಕ್ಕಿ ಗುಡಾಣಕ್ಕೆ ಅಂಟಿಸ್ಬೇಡ ತಮ್ಮಾ. ಅದ್ರಲ್ಲಿ ನಮ್ದೇನಿಲ್ಲ, ಚೀಟಿಯೋರ್ದು ಅದೆ" ಎಂದಳು. ಅವನು ಅದಕ್ಕೂ ಅಂಟಿಸಿದ.

ಅದೇ ವರ್ಷದ ಸುಗ್ಗಿ ಡೋಲ್ಮೆಯವಳ ಸರದಿ.

ತಾಕ್ ವಂಶದ ಹಿರಿಯರೂ ಜಾಮೀನಿಗೆ ಸಿಕ್ಕಿ, ಕಂಡ ಕಂಡ ನೆಲ ಮಾರುತ್ತಿದ್ದರು. ಪೇಟೆಯ ಕೋಳಿ ಸಾಕುವವನೊಬ್ಬ ಡೋಲ್ಮೆಯವಳ ಗುಡಿಸಲಿನ ಜಾಗವನ್ನು ಕೇಳಿ ಹೋಗಿದ್ದ. "ಹೊಸ ವರ್ಷದೊಳಗೆ ನೀನು ದುಡ್ಡು ತಂದ್ರೆ ನಿಂಗೆ. ಇಲ್ಲಾಂದ್ರೆ ಗುಡಿಸ್ಲು ಕಿತ್ಕೊ" ಎಂದು ವಂಶದ ಹಿರಿಯ ಹೇಳಿಬಿಟ್ಟಿದ್ದ. ಚೀಟಿಯ ಅಕ್ಕಿ ಪೂರ್ತಿ ಬಂದರೆ ನೆಲ ಅವಳದು. ಒಂದೆರಡು ಪಾಲು ತಪ್ಪಿದರೂ ಕೋಳಿಯವನದು.

ನೋರುಮೋಕಿನವಳು ಭತ್ತ ಗದ್ದೆಯಲ್ಲಿರುವಾಗಲೇ ಮನೆಮನೆ ತಿರುಗಿದಳು. ಸೊಸೈಟಿಯ ಖರೀದಿಗೆ ಮೂಟೆ ಸಾಗಿಸುವ ಮುಂಚೆಯೇ ಚೀಟಿಯ ಪಾಲು ತೆಗೆದಿಡಿ, ಆ ಅಂಗಳಕ್ಕೆ ಹೋದ ಮೂಟೆ ಹೊಳೆಗೆ ಬಿದ್ದ ಹಾಗೆ, ಹಳೇ ಬಾಕಿಗೆ ಮುರಿದುಕೊಂಡು ಬರಿಗೈಯಲ್ಲಿ ಕಳಿಸುತ್ತಾರೆ, ಎಂದು ಹೇಳಿದ್ದೇ ಹೇಳಿದ್ದು. ಹೆಂಗಸರು ಹೂಂ ಎಂದರು. ಗಂಡಸರು ಮೂಟೆಗಳನ್ನು ಗಾಡಿಗೆ ಹೇರಿದರು. ಖರೀದಿಯ ದಿನ ಅವಳು ಹೇಳಿದ ಹಾಗೆಯೇ ಆಯಿತು.

ನನ್ನ ಹೆಂಡತಿಯೂ ಚೀಟಿಯಲ್ಲಿದ್ದಳು. ಗದ್ದೆಯಿಲ್ಲದ ಮನೆಯಾದ್ದರಿಂದ ನಮ್ಮ ಪಾಲನ್ನು ಮುರಿದುಕೊಳ್ಳುವವರು ಯಾರೂ ಇರಲಿಲ್ಲ, ಕೊಂಡು ತಂದು ಸುರಿದೆವು. ನಾಲ್ಕು ಮನೆಯವರು ಇಲ್ಲವೆಂದು ಕೈ ಆಡಿಸಿದರು. ನಾಲ್ವರೂ ಎಂದೋ ತಮ್ಮ ಸರದಿ ಎತ್ತಿ ಉಂಡವರು. ಅವರಲ್ಲೊಬ್ಬಳಾದ ಅಂಗಡಿ ಮನೆಯವಳ ಬಾಗಿಲಲ್ಲಿ ನಡೆದದ್ದನ್ನು ನನ್ನ ಹೆಂಡತಿ ಕಣ್ಣಾರೆ ಕಂಡು ಬಂದು ಹೇಳಿದಳು.

"ಅಕ್ಕ, ಸಿಟ್ಟಾಗ್ಬೇಡ. ಸೊಸೈಟಿಯೋರಿಗೆ ಕೊಡ್ದಿದ್ರೆ ಅವ್ರು ಕೋರ್ಟಿಗೆ ಹೋಯ್ತಾರೆ. ನೀನು ಎಲ್ಲಿಗೋಗ್ತೀಯ?"

"ನಿನ್ ಬಾಗ್ಲಿಗೆ ಬತ್ತೀನಿ."

"ಬಾ. ಬಂದ್ರೆ ಕುಡಿಯಕ್ಕೆ ಬಾರ್ಲಿ ನೀರು ಕೊಡ್ತೀನಿ. ಅಕ್ಕಿ ಎಲ್ಲಿಂದ ತರ್ಲಿ?"

"ನಿನ್ ಮಗನ ಮದ್ವೆ ಯಾವ ಅಕ್ಕೀಲಿ ಆಯ್ತು? ಬಾರ್ಲಿ ನೀರಲ್ಲಾ?"

ಅಂಗಡಿ ಮನೆಯವಳು ಬಾಗಿಲು ಎಳೆದುಕೊಂಡಳು. ಸಾಲವನ್ನು ಕೂತು ಕೊಡು, ನಿಂತು ವಸೂಲಿ ಮಾಡು ಎನ್ನುತ್ತಾರೆ. ನೋರುಮೋಕಿನವಳು ನಿಂತೇ ನಿಂತಳು, ಕಾಲು ನೋಯಿತಷ್ಟೆ.

"ಡೋಲ್ಮೆಯವ್ಳಿಗೆ ಹೇಳಾನ. ಒಂದ್ ವರ್ಷ ಕಾಯ್ಲಿ. ಕಾಲ ಹಂಗದೆ, ಯಾರೂ ಬೈಯಕ್ಕಿಲ್ಲ" ಎಂದ ಚಿಲ್‌ಸಂಗ.

"ಒಂಬತ್ತು ವರ್ಷ ಕಾದವ್ಳಿಗೆ ಇನ್ನೊಂದು ವರ್ಷ ಕಾಯಿ ಅಂತ ನಿಮ್ ಬಾಯಲ್ಲಿ ಹೇಳ್ತೀರಾ? ಕೋಳಿಗೆ ಹೇಳಿ ಕಾಯಿ ಅಂತ" ಎಂದಳು.

ಮರುದಿನ ನನ್ನನ್ನು ಜೊತೆಗೆ ಕರೆದುಕೊಂಡು ಸೊಸೈಟಿಗೆ ಹೋದಳು. ಓದಿ ಹೇಳಲು ಒಬ್ಬರು ಬೇಕು, ಗಂಡನನ್ನು ಕರೆದೊಯ್ದರೆ ಬಾಗುವುದೇ ಕೆಲಸ, ಅದಕ್ಕೆ. ಗುಮಾಸ್ತ ಎಳೆಯ ಹುಡುಗ, ಕೆಟ್ಟವನಲ್ಲ. ನಾಲ್ಕು ಪಾಲಿನ ಅಕ್ಕಿಗೆ ಬೇಕಾದಷ್ಟು ದುಡ್ಡು ಸಾಲ ಕೇಳಿದಳು. ಅವನು ದಪ್ಪ ಪುಸ್ತಕ ತಿರುವಿದ.

"ಅಮ್ಮ, ಸದಸ್ಯರು ನಿಮ್ಮ ಯಜಮಾನರು, ನೀವಲ್ಲ. ಅವರ ಗದ್ದೆ ಮುಟ್ಟುಗೋಲಿನಲ್ಲಿದೆ. ಬ್ಯನ್ ಜಮ್‌ಸೂನ್, ಅಲ್ಲವೆ? ಈ ಹೆಸರಲ್ಲಿ ಏನೂ ಇಲ್ಲ. ಭೂಮಿ ಇಲ್ಲ, ಮೊಹರೂ ನೋಂದಣಿ ಆಗಿಲ್ಲ."

"ಆ ಗದ್ದೆ ನನ್ ಅಕ್ಕೀಲಿ ಬಂದಿದ್ದು."

"ದಾಖಲೆ ಇದೆಯಾ?"

"ಊರೋರ್ನ ಕೇಳು. ಒಂಬತ್ತು ಸುಗ್ಗಿ, ಹತ್ತು ಮನೆ ಅಕ್ಕಿ ನನ್ ಕೈಯಲ್ಲಿ ಹೋಗ್ಯದೆ. ಒಂದು ಹಿಡಿ ಆಕಡೆ ಈಕಡೆ ಆಗಿದ್ರೆ ಹೇಳು ಅಂತ ಕೇಳು."

"ಕೇಳಬಹುದು, ಅಮ್ಮ. ಆದರೆ ಊರು ಮೊಹರು ಒತ್ತೋದಿಲ್ಲವಲ್ಲ."

ಅವಳು ಎದ್ದಳು. ಹೊರಗೆ ಬಂದು ಅಂಗಳದಲ್ಲಿ ಪೇರಿಸಿಟ್ಟ ಅಕ್ಕಿ ಮೂಟೆಗಳನ್ನು ನೋಡಿದಳು. ಅವುಗಳಲ್ಲಿ ಅಂಗಡಿ ಮನೆಯವಳದೂ ಇದ್ದಿರಬೇಕು. "ನಡಿ, ಗಾಣಕ್ಕೆ ಹೋಗಾನ" ಎಂದಳು.

ಸಂತೆಬೀದಿಯಲ್ಲಿ ಎಳ್ಳೆಣ್ಣೆ ಗಾಣ ಇಟ್ಟಿದ್ದ ಪ್ಯೋ ಎಂಬ ಮುದುಕ ಎಣ್ಣೆಗಿಂತ ಬಡ್ಡಿಯಲ್ಲೇ ಹೆಚ್ಚು ಹಿಂಡುತ್ತಿದ್ದ. ಹಿಂಡಿ ಕೆದಕುತ್ತಲೇ ಅವಳ ಮಾತನ್ನೆಲ್ಲ ಕೇಳಿದ.

"ಡೋಲ್ಮೆಯವ್ಳು ನಿನ್ ತಂಗಿನಾ?"

"ಅಲ್ಲ."

"ನೆಂಟ್ರಾ?"

"ಅಲ್ಲ."

"ಅವ್ಳಿಗೆ ಕೊಡಕ್ಕೆ ನೀ ಸಾಲ ಮಾಡ್ತೀಯಾ ಅಂದ್ರೆ, ನನ್ ದುಡ್ಡು ತಿಂದಾಕಲ್ಲ ನೀನು. ಕಾಗ್ದ ಬೇಡ. ನೂರಕ್ಕೆ ತಿಂಗಳಿಗೆ ಐದು."

"ಊರಿಗೆಲ್ಲ ಮೂರು, ನಂಗ್ಯಾಕಪ್ಪ ಐದು? ನಂಬ್ತೀನಿ ಅಂತೀಯ."

"ಊರೋರು ಗದ್ದೆ ತೋರಿಸ್ತಾರೆ ಕಣಮ್ಮ. ನೀನು ಬಾಯಿ ತೋರಿಸ್ತಿದ್ದೀಯ. ಬಾಯಿ ಸತ್ರೆ ನಾನೇನು ಹರಾಜು ಹಾಕ್ಲಿ?"

ನಾನು ಅವಳ ತೋಳು ಜಗ್ಗಿದೆ. "ಅತ್ಗೆ, ಬ್ಯಾಡ. ಇದು ತೀರೋ ಸಾಲ ಅಲ್ಲ."

"ನಿಂಗೆ ಗೊತ್ತಿರೋದು ನಂಗೆ ಗೊತ್ತಿಲ್ವಾ?" ಎಂದು ನನಗೇ ಬೈದಳು. ಪ್ಯೋ ಎಣಿಸಿ ಕೊಟ್ಟ. ಅವಳು ಎಣಿಸಿ ಇಸಿದುಕೊಂಡಳು. ಆ ದುಡ್ಡಿಗೆ ಸಂತೆಯಲ್ಲೇ ಅಕ್ಕಿ ಕೊಂಡು ಗಾಡಿಗೆ ಹಾಕಿಸಿದಳು. ದುಡ್ಡನ್ನೇ ಕೊಡಬಹುದಿತ್ತು. ಚೀಟಿ ಅಕ್ಕಿಯದು, ಅಕ್ಕಿಯೇ ಹೋಗಬೇಕು ಎಂದಳು.

ಸುರಿಯುವ ದಿನ ಸರದಿಯವಳ ಮನೆಯಲ್ಲಿ ಕೆಂಪು ಹುರುಳಿ ಹಾಕಿದ ಅಕ್ಕಿ ಕಡುಬು ಬೇಯಿಸಿ ಹತ್ತು ಮನೆಯವರೂ ತಿನ್ನುವುದು ಪದ್ಧತಿ. ಡೋಲ್ಮೆಯವಳು ಕಡುಬು ಬೇಯಿಸಿದ್ದಳು. ಬಂದವರು ಐದು ಮನೆಯವರು ಮಾತ್ರ. ಕೈಕೊಟ್ಟ ನಾಲ್ವರಲ್ಲಿ ಒಬ್ಬಳೂ ಬೀದಿಗೆ ಬರಲಿಲ್ಲ. ನೋರುಮೋಕಿನವಳು ಮೊಣಕಾಲೂರಿ ಕೂತು ಕೊಳಗದಲ್ಲಿ ಅಳೆದಳು. ಉಳಿದ ಚೀಟಿಗಳಲ್ಲಿ ಕೊಳಗದ ತಲೆಯನ್ನು ಕೋಲಿನಿಂದ ಸವರಿ ಅಳೆಯುತ್ತಾರೆ. ಅವಳ ಚೀಟಿಯಲ್ಲಿ ಗೋಪುರ ನಿಂತಷ್ಟೂ ಅಳತೆ. ಸಂತೆಯಿಂದ ತಂದ ಅಕ್ಕಿಯನ್ನೂ ಗೋಪುರ ಕಟ್ಟಿಯೇ ಅಳೆದಳು.

ಡೋಲ್ಮೆಯವಳಿಗೆ ಎಲ್ಲ ಗೊತ್ತಿತ್ತು. ಊರಲ್ಲಿ ಗುಟ್ಟೆಲ್ಲಿಯದು?

"ಅಕ್ಕ, ಇದು ಎಲ್ಲಿಂದ ಬಂತು ಅಂತ ನಾನು ಕೇಳಕ್ಕಿಲ್ಲ."

"ಕೇಳ್ಬೇಡ. ಕೇಳಿದ್ರೆ ಹೇಳ್ಬೇಕಾಯ್ತದೆ."

"ಹೇಳಿದ್ರೆ ನಾನು ಬ್ಯಾಡ ಅನ್ಬೇಕಾಯ್ತದೆ. ಬ್ಯಾಡ ಅನ್ನಕ್ಕೆ ನಂಗಾಗಲ್ಲ, ಅಕ್ಕ."

"ಅದಕ್ಕೇ ಸುಮ್ಕಿರು. ಕಡುಬು ಕೊಡು, ಹಸಿವಾಗ್ತದೆ."

ಹೊಸ ವರ್ಷಕ್ಕೆ ಮುಂಚೆ ನೆಲ ಡೋಲ್ಮೆಯವಳದಾಯಿತು. ಗಂಡಸು ದಿಕ್ಕಿಲ್ಲದ ಮನೆಯಾದ್ದರಿಂದ ಕಾಗದವೂ ಅವಳ ಹೆಸರಿಗೇ ಆಯಿತು. ಅದಕ್ಕೆಂದು ಮೊಹರು ಕೆತ್ತಿಸಿ ನೋಂದಣಿ ಮಾಡಿಸಿದಳು. ಬಾಮ್‌ಗೋಲಿನ ಹೆಂಗಸರಲ್ಲಿ ಅವಳೇ ಮೊದಲು. ಆದರೆ ಅಂದಿನಿಂದ ನೋರುಮೋಕಿನವಳ ಅಂಗಳ ತುಳಿಯುವುದನ್ನು ಬಿಟ್ಟಳು. ತೋಫು ಕೊಡಲು ಬಂದರೂ ಬೇಲಿಯಾಚೆ ನಿಂತು, ಇಟ್ಟು, ಹೋಗುವಳು. ಕೊಟ್ಟವರನ್ನು ಕಂಡರೆ ಕಣ್ಣು ಕೂಡಿಸಲಾಗದ ಮನುಷ್ಯರಿದ್ದಾರೆ. ಕೆಟ್ಟವರಲ್ಲ, ಭಾರ ಹೊರಲಾರದವರು.

ಹೊಸ ಚೀಟಿಗೆ ನೋರುಮೋಕಿನವಳನ್ನು ಯಾರೂ ಕರೆಯಲಿಲ್ಲ. ಕೈಕೊಟ್ಟ ನಾಲ್ವರೇ ಮೊದಲು ಹೇಳಿದವರು: "ಗಾಣದೋನ ಬಾಯಿಗೆ ಬಿದ್ದಿರೋ ಮನೆ, ಅವ್ಳ ಕೈಗೆ ಅಕ್ಕಿ ಕೊಡಾದಾ?" ಅವರ ಅಕ್ಕಿಗಾಗಿಯೇ ಬಿದ್ದದ್ದು ಎಂದು ಅವರ ಮುಖದ ಮುಂದೆ ಹೇಳುವವರು ಯಾರೂ ಇರಲಿಲ್ಲ. ಗದ್ದೆ ಹರಾಜಾಯಿತು. ಉಳಿದದ್ದು ಗುಡ್ಡದ ಮೇಲಿನ ತುಂಡು ಹೊಲ. ಅಲ್ಲಿ ಬೆಳೆದ ಮೆಣಸಿನಕಾಯಿಯೆಲ್ಲ ಪ್ಯೋನ ಬಡ್ಡಿಗೆ ಹೋಗುತ್ತಿತ್ತು. ಅಸಲು ಕಲ್ಲಿನ ಹಾಗೆ ಕೂತಲ್ಲೇ ಕೂತಿತ್ತು.

ಎರಡು ವರ್ಷದ ಮೇಲೆ ಊರ ಧ್ವನಿವರ್ಧಕದಲ್ಲಿ ಹೊಸ ಮುಖ್ಯಸ್ಥ ಕೂಗಿ ಹೇಳಿದ. ಖಾಸಗಿಯವರ ಬಳಿ ದುಬಾರಿ ಬಡ್ಡಿಗೆ ಸಾಲ ಮಾಡಿದ ರೈತರಿಗೆ ಸರ್ಕಾರ ಕೈ ಹಿಡಿಯಲಿದೆ, ಆ ಸಾಲವನ್ನು ಸೊಸೈಟಿಯೇ ತೀರಿಸಿ ಕಡಿಮೆ ಬಡ್ಡಿಯ ಸಾಲವಾಗಿ ಬರೆದುಕೊಳ್ಳುತ್ತದೆ ಎಂದು. ನೋರುಮೋಕಿನವಳು ಕಳೆ ಕೀಳುತ್ತಿದ್ದವಳು ಕುಡುಗೋಲು ಅಲ್ಲಿಯೇ ಬಿಟ್ಟು ಬಂದಳು. ಅವಳ ಮುಖದಲ್ಲಿ ಆ ದಿನ ಕಂಡ ಕಳೆಯನ್ನು ನಾನು ಮುಂಚೆಯೂ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

ಸೊಸೈಟಿಯ ಹುಡುಗ ಈ ಸಲ ಎದ್ದು ನಿಂತು ಮಾತಾಡಿಸಿದ. ಅರ್ಜಿ ಚಿಲ್‌ಸಂಗನ ಹೆಸರಲ್ಲಿ ಆಗುತ್ತದೆ, ತೊಂದರೆಯಿಲ್ಲ. ಸಾಲದ ಪತ್ರವೆಲ್ಲಿ? ಪತ್ರವಿಲ್ಲ. ಹಾಗಾದರೆ ಕೊಟ್ಟವನಿಂದ ಬರೆಸಿ ತನ್ನಿ ಎಂದ.

ಪ್ಯೋ ಹಿಂಡಿಯ ಮೇಲಿಂದ ತಲೆಯೆತ್ತಿ ನೋಡಿದ. "ಬರ್ಕೊಟ್ರೆ ನಾಳೆ ತೆರಿಗೆಯೋನು ನನ್ ಗಾಣದಲ್ಲಿ ಕೂತಿರ್ತಾನೆ. ಕಾಗ್ದ ಕೇಳ್ದೇ ಇರೋನು ಅಂತ ತಾನೆ ನೀ ನನ್ ಹತ್ರ ಬಂದಿದ್ದು? ಈಗ ನೀನೇ ಕೇಳ್ತಿದ್ದೀಯ."

ಮತ್ತೆ ಸೊಸೈಟಿಗೆ. ಪತ್ರವಿಲ್ಲದಿದ್ದರೆ ಸಾಕ್ಷಿಯಾದರೂ ಬೇಕು ಎಂದ ಹುಡುಗ. ಸಾಲವಾದದ್ದನ್ನು ಬಲ್ಲವರು, ಭೂಮಿ ಇರುವವರು, ಸೊಸೈಟಿಯಲ್ಲಿ ಬಾಕಿ ಇಲ್ಲದವರು, ಒಬ್ಬರು ಸಾಕು, ಮೊಹರು ಒತ್ತಿದರಾಯಿತು. ನಾನು ಒತ್ತುತ್ತೇನೆ ಎಂದೆ. ಭೂಮಿ ಎಷ್ಟಿದೆ ಎಂದ. ಕೈಯಲ್ಲಿ ಹಣ ಎಣಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಆದರೆ ಭೂಮಿಯಿಲ್ಲದವನ ಕಣ್ಣಿಗೆ ಸರ್ಕಾರದಲ್ಲಿ ಬೆಲೆಯಿಲ್ಲ. ಊರಿನ ಭೂಮಿವಂತರೆಲ್ಲ ದನದ ಜಾಮೀನಿನ ಬಾಕಿಯಲ್ಲಿ ಕುತ್ತಿಗೆವರೆಗೆ ಹೂತವರು. ಬಾಕಿಯಿಲ್ಲದೆ, ನೆಲವಿದ್ದು, ವಿಷಯ ಬಲ್ಲವಳು ಒಬ್ಬಳೇ.

ಇನ್ನೂ ಒಂದು ಮಾತು ಹೇಳದಿದ್ದರೆ ಎದೆ ಉರಿ ತಣಿಯದು. ನಾವು ಅಲ್ಲಿ ನಿಂತಿರುವಾಗಲೇ ತಾಕ್ ಸೊಕ್‌ಕ್ಯು ಚರ್ಮದ ಬೂಟು ತೊಟ್ಟು ಒಳಗೆ ಬಂದ. ಅವನ ಸಾಲವನ್ನು ಜಾಮೀನುದಾರರ ಗದ್ದೆ ಹರಾಜು ಹಾಕಿ ವಸೂಲಿ ಮಾಡಿಯಾಗಿತ್ತು. ಹಾಗಾಗಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬಾಕಿ ಇಲ್ಲ. ಹೊಸ ಸಾಲಕ್ಕೆ ಅರ್ಜಿ ಹಾಕಲು ಬಂದಿದ್ದ. "ಅತ್ಗೆ, ಚೆನ್ನಾಗಿದ್ದೀರಾ?" ಎಂದ. ನೋರುಮೋಕಿನವಳು ಅವನ ಬೂಟಿನ ಮೇಲೆ ಉಗಿದು ಹೊರಗೆ ನಡೆದಳು.

ನೇರ ಡೋಲ್ಮೆಯವಳ ಮನೆಗೆ. ಬೇಲಿ ದಾಟಿ, ಅಂಗಳ ದಾಟಿ, ಒಲೆಯ ಬಳಿಗೇ ಹೋದಳು. ಡೋಲ್ಮೆಯವಳು ಸೋಯಾ ಹಾಲಿನ ಹಂಡೆಗೆ ಉಪ್ಪುನೀರು ಬಿಡುತ್ತಿದ್ದಳು. ವಿಷಯ ಕೇಳಿದಳು. ಸೌಟು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹಾಲು ಕೆಡುತ್ತದೆ.

"ಅಕ್ಕ, ಅನ್ನ ಕೇಳು, ಕೊಡ್ತೀನಿ. ಇರೋ ಕಾಸು ಕೇಳು, ಕೊಡ್ತೀನಿ. ಮೊಹರು ಮಾತ್ರ ಕೇಳ್ಬೇಡ."

"ಜಾಮೀನಲ್ಲ ಕಣೇ ಇದು. ಸಾಕ್ಷಿ. ನೀ ಬಲ್ಲದ್ದು ನಿಜ ಅಂತ ಒತ್ತೋದು. ಅಷ್ಟೇಯ."

"ನಿಮ್ಮೆಜಮಾನ್ರಿಗೂ ಅಷ್ಟೇಯ ಅಂತಲೇ ಹೇಳಿದ್ದು, ಅಕ್ಕ."

ಹಂಡೆಯಲ್ಲಿ ಹಾಲು ಒಡೆದು ಮೋಡಮೋಡವಾಗಿ ಮೇಲಕ್ಕೆ ಬರುತ್ತಿತ್ತು.

"ಈ ನೆಲ ನೀ ಕೊಟ್ಟಿದ್ದು" ಎಂದಳು ಡೋಲ್ಮೆಯವಳು. ಕಣ್ಣೀರು ಹಂಡೆಗೆ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡಿದ್ದಳು. "ಗೊತ್ತು ನಂಗೆ. ಗೊತ್ತಿದ್ದೇ ಹೇಳ್ತಿವ್ನಿ, ಆಗಲ್ಲ. ಮಗ್ಳನ್ನ ಕರ್ಕೊಂಡು ಇನ್ನೊಂದ್ಸಲ ಬೀದೀಲಿ ನಿಲ್ಲಕ್ಕಾಗಲ್ಲ. ಶಾಪ ಹಾಕು ಬೇಕಾದ್ರೆ."

"ಶಾಪ ಯಾಕೆ? ನನ್ ಗಂಡನಿಗೆ ನಿನ್ನಷ್ಟು ಬುದ್ಧಿ ಇದ್ದಿದ್ರೆ ನಾನಿಲ್ಲಿಗೆ ಬರ್ತಾನೇ ಇರ್ಲಿಲ್ಲ."

ಡೋಲ್ಮೆಯವಳು ಬಿಸಿ ತೋಫು ಕತ್ತರಿಸಿ ಕುಂಬಳದ ಎಲೆಯಲ್ಲಿ ಸುತ್ತಿದಳು. "ತಗೊಂಡ್ಹೋಗು, ಅಕ್ಕ."

"ಎರಡು ಹಾಕು" ಎಂದಳು ನೋರುಮೋಕಿನವಳು. "ಮೊಹರಿಗಿಂತ ಅಗ್ಗ."

ಎರಡನ್ನೂ ಹಿಡಿದುಕೊಂಡು ಬಂದಳು. ಒಂದನ್ನು ನಮ್ಮ ಮನೆಗೆ ಕೊಟ್ಟಳು. ಅರ್ಜಿಯ ದಿನ ಕಳೆದು ಹೋಯಿತು.

ಆ ಚಳಿಗಾಲವೇ ಅವಳು ಪೇಟೆಯ ಬಸ್ ನಿಲ್ದಾಣದ ಎಲುಬು ಸಾರಿನ ಅಂಗಡಿಯಲ್ಲಿ ಪಾತ್ರೆ ತೊಳೆಯಲು ಸೇರಿದಳು. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗುವುದು, ಹಬ್ಬಕ್ಕೆ ಮಾತ್ರ ಊರಿಗೆ. ಸಂಬಳದ ದಿನ ಬೀದಿ ದಾಟಿ ಗಾಣಕ್ಕೆ ಹೋಗಿ ಕೊಟ್ಟು ಬರುವಳು. ಪ್ಯೋ ಎಷ್ಟು ಬಂತೆಂದು ಬರೆದಿಟ್ಟನೋ ಇಲ್ಲವೋ, ಅವಳೂ ಕೇಳಲಿಲ್ಲ. ಮುಗೀತು ಹೋಗಮ್ಮ ಎಂದು ಅವನು ಹೇಳಿದ ದಿನ ಬಟ್ಟೆಗಂಟು ಕಟ್ಟಿಕೊಂಡು ಊರಿಗೆ ಬಂದಳು. ಅಷ್ಟರಲ್ಲಿ ಡೋಲ್ಮೆಯವಳ ಮಗಳ ಮದುವೆಯಾಗಿ ಮೊಮ್ಮಗನೂ ಆಗಿದ್ದ.

ಬಿಸಿನೀರು, ತಣ್ಣೀರು, ಸೋಡಾಪುಡಿಯಲ್ಲಿ ವರ್ಷಗಟ್ಟಲೆ ನೆಂದ ಅವಳ ಬೆರಳುಗಳು ಆ ಹೊತ್ತಿಗೆ ಮಡಚುವುದನ್ನೇ ಬಿಟ್ಟಿದ್ದವು. ಊಟದ ಕಡ್ಡಿ ಹಿಡಿಯಲಾಗದು. ಚಮಚವನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಉಣ್ಣುವಳು. ಚಿಲ್‌ಸಂಗ ಎದುರಿಗೆ ಕೂತು ಉಪ್ಪು ಹಾಕಿದ ಕೋಸಿನ ಕಿಮ್ಚಿಯನ್ನು ಸೀಳಿ ಅವಳ ಚಮಚದ ಅನ್ನದ ಮೇಲೆ ಇಡುತ್ತಿದ್ದ. ಅವಳು ಪ್ರತಿ ತುತ್ತಿಗೂ ಅವನನ್ನು ಬೈದು, ಬಾಯಿ ತೆರೆದು ತಿನ್ನುತ್ತಿದ್ದಳು.